ಮೊದಲ ತುತ್ತಿನ ಹೆಸರು

ನಮ್ಮೂರಿನಲ್ಲಿ ಕದ್ದ ಸೌತೆಕಾಯಿಯನ್ನು ನಾಲ್ಕು ಜನರ ನಡುವೆ ಕೂತು ತಿನ್ನುವ ಧೈರ್ಯ ಯಾರಿಗೂ ಇಲ್ಲ. ಮೊದಲ ತುಂಡು ಗಂಟಲಿಳಿದ ಕೂಡಲೇ ಬಾಯಿ ತಾನಾಗಿ ತೆರೆದು, ಅದನ್ನು ಬೆಳೆದವರ ಹೆಸರು ಹೇಳಿಬಿಡುತ್ತದೆ. ಅಡುಗೆ ಮಾಡಿದವರದಲ್ಲ, ಮಾರಿದವರದಲ್ಲ, ಬೆಳೆದವರದು. ಅದೂ ಪಿಸುದನಿಯಲ್ಲಲ್ಲ, ಎದುರು ಮನೆಗೆ ಕೇಳುವಂತೆ. ಬಾಯಿಗೆ ರೀ ಎನ್ನುವುದೂ ಗೊತ್ತಿಲ್ಲ, ಕಾಕಾ ಮಾಮಾ ಎನ್ನುವುದೂ ಗೊತ್ತಿಲ್ಲ. ಎಂಟು ವರ್ಷದ ಕೂಸು ಎಂಬತ್ತರ ಮುದುಕನನ್ನು ಊಟದ ಹೊತ್ತಿನಲ್ಲಿ ಬರೀ ಹೆಸರು ಹಿಡಿದು ಕರೆದರೆ ಯಾರೂ ತಪ್ಪು ತಿಳಿಯುವುದಿಲ್ಲ. ಹಿಂದೊಮ್ಮೆ ಮದುವೆಯ ಪಂಕ್ತಿಯಲ್ಲಿ ಹೊಸ ಮದುಮಗಳು ಬದನೆಕಾಯಿ ಬಾಯಿಗಿಟ್ಟು, ಮೊದಲು ತನ್ನನ್ನು ನೋಡಲು ಬಂದು ಬೇಡವೆಂದು ಹೋಗಿದ್ದ ವರನ ಹೆಸರನ್ನು ಗಟ್ಟಿಯಾಗಿ ಹೇಳಿಬಿಟ್ಟಳು. ಅಂದಿನಿಂದ ನಮ್ಮಲ್ಲಿ ಮದುವೆಗೆ ಮುಂಚೆ ಜಾತಕ ನೋಡುತ್ತಾರೋ ಇಲ್ಲವೋ, ಕಾಯಿಪಲ್ಯ ಯಾರ ಹಿತ್ತಲಿನದು ಎಂದು ಎರಡೂ ಕಡೆಯ ಹಿರಿಯರು ಕೂತು ವಿಚಾರಿಸುತ್ತಾರೆ.

ಬೇರೆ ಊರುಗಳಲ್ಲಿ ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರಂತೆ. ನಮ್ಮಲ್ಲಿ ಒಬ್ಬನ ಕೈ ಕೆಸರಾದರೆ ಊರ ಬಾಯಲ್ಲಿ ಅವನ ಹೆಸರು. ಆ ರುಚಿ ಹತ್ತಿದವರನ್ನು ನೀವು ನೋಡಬೇಕಿತ್ತು. ಮಧ್ಯಾಹ್ನ ಹೊಲದಿಂದ ಬಂದವರು ನೇರವಾಗಿ ಮನೆಗೆ ಹೋಗುತ್ತಿರಲಿಲ್ಲ. ಹೆಗಲಿಗೆ ಟವೆಲ್ಲು ಹಾಕಿಕೊಂಡು, ಏನೋ ಕೆಲಸವಿದ್ದವರ ಹಾಗೆ ಓಣಿ ಓಣಿ ಸುತ್ತುತ್ತಿದ್ದರು. ಯಾವುದೋ ಮನೆಯ ಒಳಗಿಂದ ತಮ್ಮ ಹೆಸರು ಕೇಳಿಸಿದರೆ ನಡಿಗೆ ನಿಧಾನವಾಗುತ್ತಿತ್ತು, ಮೀಸೆಯ ಮೇಲೆ ಕೈ ಹೋಗುತ್ತಿತ್ತು. ಇನ್ನು ಗೌಡರ ಮನೆಯವರು, ಊರಿನ ಅರ್ಧ ಭೂಮಿ ಅವರದೇ ಆದರೂ, ತಲೆತಲಾಂತರದಿಂದ ಬಾಗಿಲು ಹಾಕಿಕೊಂಡು ಉಣ್ಣುತ್ತಿದ್ದರು. ಹೊಲ ಅವರದು, ದುಡಿಮೆ ಲಾವಣಿಗೆ, ಅಂದರೆ ಗೇಣಿಗೆ, ಹಿಡಿದವರದು. ಗೌಡರ ಬಾಯಿಂದಲೇ ಬರುವ ಆಳಿನ ಹೆಸರನ್ನು ಆಳು ಕೇಳಿಸಿಕೊಳ್ಳಬಾರದಲ್ಲ!

ನನ್ನದು ಇನ್ನೂ ಕಡೆ. ನಾನು ಅಂಗಡಿ ಮುರಿಗೆಪ್ಪ. ನಮ್ಮಪ್ಪನಿಗೂ ಹೊಲವಿರಲಿಲ್ಲ, ನನಗೂ ಇಲ್ಲ. ಹುಟ್ಟಿದಾಗಿನಿಂದ ಊರವರ ಹೆಸರನ್ನೆಲ್ಲ ನನ್ನ ಬಾಯಿ ಹೇಳಿದೆ. ನನ್ನ ಹೆಸರನ್ನು ಒಂದು ಬಾಯಿಯೂ ಹೇಳಿರಲಿಲ್ಲ. ಹೊಟ್ಟೆಕಿಚ್ಚು ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ?

ಈ ಹೆಸರಿನ ಆಸೆಯಿಂದ ನಮ್ಮೂರಿಗೊಂದು ವಿಚಿತ್ರ ಚಾಳಿ ಅಂಟಿತ್ತು. ಇಲ್ಲಿ ಮುಯ್ಯಾಳು ಎಂಬುದೇ ಇರಲಿಲ್ಲ. ಒಬ್ಬರ ಹೊಲಕ್ಕೆ ಇನ್ನೊಬ್ಬರು ಹೋಗಿ ದುಡಿಯುವುದು, ಅವರು ತಿರುಗಿ ಇವರ ಹೊಲಕ್ಕೆ ಬರುವುದು, ಇದು ಯಾರಿಗೂ ಗೊತ್ತಿರಲಿಲ್ಲ. ಗಂಡನ ಹೊಲಕ್ಕೆ ಹೆಂಡತಿ ಕಾಲಿಡುತ್ತಿರಲಿಲ್ಲ, ಹೆಂಡತಿಯ ಹಿತ್ತಲಿನ ಮಡಿಗೆ ಗಂಡ ಒಂದು ಕೊಡ ನೀರು ಹಾಕುತ್ತಿರಲಿಲ್ಲ. ಕಾರಣ ಕೇಳಿದರೆ ಎಲ್ಲರೂ ನಿಂಗಪ್ಪ ಭರಮಪ್ಪರ ಕಥೆ ಹೇಳುತ್ತಿದ್ದರು. ನನ್ನ ಅಜ್ಜನ ಕಾಲದ ಅಣ್ಣತಮ್ಮಂದಿರು ಅವರು. ಊರಲ್ಲೇ ಮೊದಲ ಸಲ ಇಬ್ಬರೂ ಕೂಡಿ ಒಂದೇ ಹೊಲದಲ್ಲಿ ಜೋಳ ಬೆಳೆದು, ಊರನ್ನೆಲ್ಲ ಊಟಕ್ಕೆ ಕರೆದರು. ಮೊದಲ ತುತ್ತಿಗೆ ಎಲ್ಲರ ಬಾಯೂ 'ಭರಮಪ್ಪ' ಎಂದಿತು. ತಮ್ಮನ ಹೆಸರು! ಬಾಯಿ ಮುಚ್ಚುವಷ್ಟರಲ್ಲಿ ಅಣ್ಣ ನಿಂಗಪ್ಪ ಎದ್ದು ಎದುರಿನ ಗಂಗಾಳವನ್ನು ಒದ್ದ. ರೊಟ್ಟಿ ಒಂದು ಕಡೆ, ಪಲ್ಯ ಒಂದು ಕಡೆ, ಬಡಿದಾಟ, ಬೊಬ್ಬೆ. ಊಟ ಅಲ್ಲಿಗೇ ಮುಗಿಯಿತು. ಅಣ್ಣತಮ್ಮಂದಿರು ಸಾಯುವವರೆಗೆ ಮಾತಾಡಲಿಲ್ಲ. ಇಬ್ಬರು ಕೈ ಹಚ್ಚಿದರೆ ಹೆಚ್ಚು ದುಡಿದವನ ಹೆಸರು ಮಾತ್ರ ಉಳಿಯುತ್ತದೆ, ಇನ್ನೊಬ್ಬನದು ಅಳಿಯುತ್ತದೆ ಎಂದು ಊರು ಅವತ್ತೇ ತೀರ್ಮಾನಿಸಿತು.

ಒಬ್ಬೊಬ್ಬರೇ ಬಿತ್ತಿ, ಒಬ್ಬೊಬ್ಬರೇ ಕಳೆ ಕಿತ್ತು, ಒಬ್ಬೊಬ್ಬರೇ ಹಕ್ಕಿ ಕಾಯುವುದು ಎಷ್ಟು ದಿನ ನಡೆದೀತು? ಎಲ್ಲರ ಸೊಂಟವೂ ಬಿದ್ದುಹೋಗಿದ್ದ ಹೊತ್ತಿನಲ್ಲಿ ನಾನು ಹೊರಗಿನಿಂದ ಅಕ್ಕಿಯ ಮೂಟೆ ತರಿಸಿದೆ. ಹೌದು, ಆ ಪಾಪಿ ನಾನೇ. ಬೆಳ್ಳಗೆ, ಮಲ್ಲಿಗೆಯ ಮೊಗ್ಗಿನಂಥ ಅಕ್ಕಿ. ಮೊದಲ ದಿನ ಅದನ್ನು ಉಂಡವರು ತುತ್ತು ನುಂಗಿ, ಬಾಯಿ ತೆರೆದುಕೊಂಡು ಕಾದರು. ಯಾವ ಹೆಸರೂ ಬರಲಿಲ್ಲ, ಊರಾಚೆ ಬೆಳೆದವರ ಹೆಸರು ನಮ್ಮ ಬಾಯಿಗೆ ಗೊತ್ತಿಲ್ಲ. ಒಂದಿಷ್ಟು ಹೊತ್ತು ಹಾಗೇ ಕೂತು, ಆಮೇಲೆ ಬಾಯಿ ಮುಚ್ಚಿಕೊಂಡು ಉಂಡರು. ಮೊದಮೊದಲು ಹೆದರಿಕೆಯಾಯಿತು. ಮರುವಾರ ಅದೇ ಹಿತವೆನಿಸಿತು. ಗೌಡರು ಬಾಗಿಲು ತೆರೆದಿಟ್ಟು ಉಣ್ಣತೊಡಗಿದರು. ಹತ್ತು ವರ್ಷದಲ್ಲಿ ನವಣೆ ಹೋಯಿತು, ಸಾವೆ ಹೋಯಿತು, ಜೋಳ ದನದ ಮೇವಿಗೆ ಮಾತ್ರ ಉಳಿಯಿತು, ಕಾಯಿಪಲ್ಯವೂ ಹೊರಗಿನ ಸಂತೆಯಿಂದ ಬರತೊಡಗಿತು. ಮಧ್ಯಾಹ್ನದ ಹೊತ್ತು ನಮ್ಮೂರ ಓಣಿಗಳಲ್ಲಿ ನಡೆದರೆ ಗಂಗಾಳದ ಸದ್ದು ಬಿಟ್ಟರೆ ಇನ್ನೇನೂ ಕೇಳುತ್ತಿರಲಿಲ್ಲ.

ಇನ್ನು ಬಾಳವ್ವನ ಮಾತಿಗೆ ಬರುತ್ತೇನೆ. ಬಾಳವ್ವ ನಲವತ್ತು ವರ್ಷದಿಂದ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಸೊಪ್ಪು ಮಾರುತ್ತಿದ್ದವಳು. ಬಿತ್ತಿದ ಸೊಪ್ಪಲ್ಲ, ಕೆರೆಯಂಗಳದಲ್ಲಿ, ಬದುಗಳ ಮೇಲೆ ತಾನಾಗಿ ಹುಟ್ಟುವ ಕಿರಕಸಾಲಿ, ಹಕ್ಕರಿಕೆ, ಗೋಳಿ. ಬೆಳಗಾಗುವ ಮೊದಲೇ ಹೋಗಿ ಆಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿ ತರುವಳು. ಊರಲ್ಲಿ ಅವಳ ಸೊಪ್ಪು ತಿನ್ನದ ಮನೆಯಿಲ್ಲ. ಆದರೆ ಯಾರೂ ಬೆಳೆಯದ ಸೊಪ್ಪಿಗೆ ಯಾರ ಹೆಸರು? ನಲವತ್ತು ವರ್ಷ ಊರಿಗೆ ಉಣಿಸಿಯೂ ಒಂದು ಬಾಯಿಂದಲೂ ಬಾಳವ್ವ ಎಂಬ ಮಾತು ಹೊರಟಿರಲಿಲ್ಲ. ಆ ಲೆಕ್ಕದಲ್ಲಿ ನಾನೂ ಅವಳೂ ಒಂದೇ. ಅವಳು ಮಾತ್ರ ನನ್ನ ಹಾಗೆ ಹೊಟ್ಟೆ ಉರಿದುಕೊಳ್ಳುತ್ತಿರಲಿಲ್ಲ ಎಂದುಕೊಂಡಿದ್ದೆ.

ಒಂದು ದಿನ ನಾನು ಹಿಂದಿನಿಂದ ಸೈಕಲ್ಲಿನ ಗಂಟೆ ಬಾರಿಸುತ್ತ ಬಂದರೂ ಅವಳು ಸರಿಯಲಿಲ್ಲ. ಇನ್ನೇನು ಬುಟ್ಟಿಗೆ ಗಾಲಿ ತಾಗಬೇಕು, ಆಗ ತಿರುಗಿ ನೋಡಿ ಗಾಬರಿಯಾದಳು.

"ಏನಬೇ ಬಾಳಕ್ಕಾ, ಕಿವ್ಯಾಗ ಹತ್ತಿ ಇಟಗೊಂಡೀ ಏನ?" ಎಂದೆ.

ಅವಳು ನಗಲಿಲ್ಲ. ಕಟ್ಟೆಯ ಮೇಲೆ ಕೂತು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು. "ಬಲಗಿವಿ ಹೋಗಿ ಎರಡ ವರ್ಷ ಆತೋ ತಮ್ಮಾ. ಎಡಗಿವಿನೂ ಹೊಂಟೈತಿ. ನಮ್ಮವ್ವಂದೂ ಹಿಂಗ ಆಗಿತ್ತು. ಇನ್ನ ಎರಡ ಮಳಿಗಾಲ ಕೇಳಿಸಿದ್ರ ನನ್ನ ಪುಣ್ಯಾ." ಯಾರೂ ಕೇಳಬಾರದೆಂಬಂತೆ ನನ್ನ ಹತ್ತಿರ ಸರಿದಳು. "ಒಮ್ಮಿ ಊರ ಬಾಯಾಗ ನನ್ನ ಹೆಸರು ಕೇಳಬೇಕಾಗೈತಿ, ಮುರಿಗೆಪ್ಪಾ. ಕಿವಿ ಇರೂದ್ರಾಗ. ಒಂದ ಸಲ ಸಾಕು."

ಅಷ್ಟು ದಿನದ ಆಸೆಯನ್ನು ಅವಳು ಸೊಪ್ಪಿನ ಹಾಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಇಟ್ಟುಕೊಂಡಿದ್ದಳು.

ಭೂಮಿಯಿಲ್ಲದವಳು ಬೆಳೆಯುವುದೆಲ್ಲಿ? ಕೆರೆಯ ಹಿಂದೆ ಯಾರಿಗೂ ಬೇಡದ ಎರಡೆಕರೆ ಹಾಳುಜಾಗವಿತ್ತು. ಊರಿನ ಕಸವೆಲ್ಲ ಅಲ್ಲಿಗೆ. ಅದರಲ್ಲಿ ಹೆಚ್ಚಿನದು ನನ್ನ ಅಕ್ಕಿಯ ಖಾಲಿ ಚೀಲಗಳು ಎಂಬುದನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ಬೇಸಿಗೆಯಿಡೀ ಅವಳು ಒಬ್ಬಳೇ ಆ ಚೀಲಗಳನ್ನು ಆರಿಸಿ, ಮುಳ್ಳು ಕಡಿದು, ಕಲ್ಲು ಹೊತ್ತು ಬದು ಹಾಕಿದಳು. ಬೀಜಕ್ಕೆ ಲಾಲಸಾಬನ ಮನೆಗೆ ಹೋದಳು. ಲಾಲಸಾಬ ನಮ್ಮೂರಲ್ಲಿ ಇನ್ನೂ ಹಿಡಿಯಷ್ಟು ನವಣೆ ಬೆಳೆಯುತ್ತಿದ್ದ ಕೊನೆಯ ಮುದುಕ. ಅದೂ ತನಗಲ್ಲ, ಸಾಕಿದ ಗಿಳಿಗೆ. ಆ ಗಿಳಿ ಕಾಳು ನುಂಗಿದಾಗಲೆಲ್ಲ 'ಲಾಲಸಾಬ' ಎನ್ನುತ್ತಿತ್ತು. ಹೆಸರು ಕೇಳುವ ಚಟ ಬಿಡಲಾಗದೆ ಮುದುಕ ದಿನಕ್ಕೆ ಎಂಟು ಸಲ ಅದಕ್ಕೆ ಕಾಳು ಹಾಕಿ, ಗಿಳಿ ಹಾರಲಾರದಷ್ಟು ದಪ್ಪಗಾಗಿತ್ತು.

"ಬೀಜಾ ಒಯ್ಯಬೇ, ಬ್ಯಾಡ ಅನ್ನಂಗಿಲ್ಲ," ಎಂದ ಲಾಲಸಾಬ. "ಆದರ ನವಣಿ ಅಂದ್ರ ಹಕ್ಕಿಗೆ ಹಬ್ಬ. ಒಬ್ಬಾಕಿನ ನಾಕ ಮೂಲಿ ಹ್ಯಾಂಗ ಕಾಯ್ತಿ? ನಾ ಬರ್ತೀನಿ."

"ನೀ ಬರಬ್ಯಾಡ ಕಾಕಾ. ನಿನ್ನ ಕೈ ಹತ್ತಿದ್ರ ನಿನ್ನ ಹೆಸರ ಬರ್ತೈತಿ."

"ನಂದ ಗಿಳಿ ಅಂತೈತಿ, ನನಗ ಸಾಕು."

"ಬ್ಯಾಡಂದ್ರ ಬ್ಯಾಡ," ಎಂದು ಬಾಳವ್ವ ಉಡಿಯಲ್ಲಿ ಬೀಜ ಕಟ್ಟಿಕೊಂಡು ಹೊರಟಳು.

ಮಳೆ ಚೆನ್ನಾಗಿಯೇ ಬಂತು. ಮೂರು ತಿಂಗಳಲ್ಲಿ ಆ ತಿಪ್ಪೆಯ ಜಾಗದಲ್ಲಿ ನವಣೆಯ ತೆನೆಗಳು ಬೆಕ್ಕಿನ ಬಾಲದ ಹಾಗೆ ಬಾಗಿ ನಿಂತವು. ಕಾಳು ಗಟ್ಟಿಯಾಗುವ ಹೊತ್ತಿಗೆ ಹಕ್ಕಿಗಳು ಬಂದವು. ಬಾಳವ್ವ ಕವಣೆ ಹಿಡಿದು ಎತ್ತರದ ಅಟ್ಟಣಿಗೆ ಹತ್ತಿ ನಿಂತಳು. ಮುಂದೆ ಇಳಿದ ಹಿಂಡಿಗೆ ಕಲ್ಲು ಬೀಸುತ್ತಿದ್ದಳು. ಅಷ್ಟರಲ್ಲಿ ಹಿಂದೆ ಇನ್ನೊಂದು ಹಿಂಡು ಇಳಿದು ಕಿಚಿಪಿಚಿ ಎಂದು ತೆನೆ ಬಿಡಿಸುತ್ತಿತ್ತು, ಅದು ಅವಳಿಗೆ ಕೇಳಿಸುತ್ತಿರಲಿಲ್ಲ. ನಾನು ಒಂದು ಮಧ್ಯಾಹ್ನ ರಸ್ತೆಯಲ್ಲಿ ನಿಂತು ಇದನ್ನು ಕಣ್ಣಾರೆ ಕಂಡೆ. "ಹಿಂದ! ಬಾಳಕ್ಕಾ, ಹಿಂದ ನೋಡ!" ಎಂದು ಕೂಗಿದೆ. ಅವಳಿಗೆ ಅದೂ ಕೇಳಲಿಲ್ಲ. ಓಡಿಹೋಗಿ ಹಕ್ಕಿ ಎಬ್ಬಿಸಬಹುದಿತ್ತು. ಅವಳ ಹೊಲಕ್ಕೆ ಕಾಲಿಟ್ಟರೆ ಅವಳ ಹೆಸರಿಗೆ ಕುತ್ತು ಬಂದೀತೆಂದು ಬದುವಿನ ಈಚೆಗೇ ನಿಂತೆ. ಈಗ ನೆನೆಸಿದರೆ ನನ್ನ ಬುದ್ಧಿಗೆ ನಾನೇ ನಗಬೇಕು.

ಎರಡೆಕರೆಯಲ್ಲಿ ಉಳಿದದ್ದು ಎರಡು ಸೇರು. ಅದರಲ್ಲಿ ಒಂದು ಹಿಡಿಯನ್ನು ಅವಳು ಕುಟ್ಟಿ ಬೇಯಿಸಿ ಉಂಡಳಂತೆ. ಮರುದಿನ ಕಟ್ಟೆಯ ಮೇಲೆ ಕೂತು ಹೇಳಿದಳು: "ನನ್ನ ಬಾಯಿ ನನ್ನ ಹೆಸರ ಅಂತು, ಮುರಿಗೆಪ್ಪಾ. ಖೋಲ್ಯಾಗ ನಾ ಒಬ್ಬಾಕಿನ. ನನ್ನ ನಾನ ಕರಕೊಂಡ್ರ ಏನ ಬಂತೋ?" ಆ ದಿನ ನಾನು ಅವಳ ಎಡಗಡೆಗೆ ಕೂತು, ಕಿವಿಗೆ ಬಾಯಿ ಹಚ್ಚಿ ಮಾತಾಡಬೇಕಾಯಿತು.

ಉಳಿದ ಬೀಜವನ್ನು ಬೂದಿಯಲ್ಲಿ ಕಲೆಸಿ ಮಡಕೆಯಲ್ಲಿಟ್ಟಿದ್ದಳು. ಮುಂದಿನ ಮಳೆಗಾಲ ಬರುವ ಹೊತ್ತಿಗೆ ಅದನ್ನು ತಂದು ನನ್ನ ತಕ್ಕಡಿಯ ಪಕ್ಕದಲ್ಲಿಟ್ಟು, ಕೂತಿದ್ದ ನಾಲ್ಕು ಜನರಿಗೆ ಕೇಳುವಂತೆ ಗಟ್ಟಿಯಾಗಿ ಹೇಳಿದಳು.

"ಯಾರ ಬೇಕಾದ್ರೂ ಬರ್ರಿ. ಯಾರ ಹೆಸರ ಬೇಕಾದ್ರೂ ಬರ್ಲಿ. ನಂದ ಬರದಿದ್ರ ಹೋಗ್ಲಿ. ಊರ ಬಾಯಿ ಮೂಕಾಗಿ ಉಣ್ಣೂದ ನೋಡಿ ನನಗ ಸಾಕಾಗೇತಿ. ನನ್ನ ಕಿವಿ ಮುಚ್ಚೂದ್ರಾಗ ಯಾವದರೆ ಒಂದ ಹೆಸರ ಕೇಳಸ್ರಿ."

ಹೀಗೆ ಹೇಳುವಾಗ ಅವಳ ಕೈ ಮಡಕೆಯ ಕಂಠವನ್ನು ಬಿಗಿಯಾಗಿ ಹಿಡಿದಿತ್ತು. ಬಿಟ್ಟುಕೊಡುವುದು ಅವಳಿಗೆ ಹಗುರಾಗಿರಲಿಲ್ಲ.

ಮೊದಲು ಬಂದವನು ಲಾಲಸಾಬ. ಅವನೂ ಬಾಳವ್ವನೂ ಸಾಲು ಹೊಡೆದು ಬಿತ್ತಿದರು. ಆಮೇಲೆ ಶಾಲೆಯಲ್ಲಿ ಬಿಸಿಯೂಟ ಮಾಡುವ ಚಂದ್ರವ್ವ ಬಂದಳು. "ನನ್ನ ಸಾಲಿ ಹುಡುಗೂರು ಹುಟ್ಟಿದಾಗಿಂದ ಊಟದಾಗ ಒಂದ ಹೆಸರೂ ಅಂದಿಲ್ಲ. ಬಾಯಿ ತೆರೀತಾವೋ ಇಲ್ಲೋ ನೋಡಬೇಕು," ಎಂದಳು. ಇವರಿಬ್ಬರೂ ಒಳ್ಳೆಯ ಮನಸ್ಸಿನಿಂದ ಬಂದವರು. ಉಳಿದವರ ಬಗ್ಗೆ ಆ ಮಾತು ಹೇಳಲಾರೆ. ಹೆಚ್ಚು ದುಡಿದವನ ಹೆಸರು ಬರುತ್ತದೆ ಎಂಬ ನಿಂಗಪ್ಪ ಭರಮಪ್ಪರ ಕಥೆ ಎಲ್ಲರಿಗೂ ನೆನಪಾಯಿತು. ಬಾಳವ್ವನೇ ಬಿಟ್ಟುಕೊಟ್ಟ ಹೆಸರು, ನನಗೇ ಯಾಕೆ ಬರಬಾರದು ಎಂಬ ಆಸೆ ಒಬ್ಬೊಬ್ಬರ ಹೊಟ್ಟೆಯಲ್ಲೂ ಮೊಳೆಯಿತು. ಇಂದು ಒಬ್ಬ ನಾಲ್ಕು ಸಾಲು ಕಳೆ ಕಿತ್ತರೆ ನಾಳೆ ಇನ್ನೊಬ್ಬ ಐದು ಸಾಲು ಕೀಳುವನು. ಅದನ್ನು ನೋಡಿ ಮತ್ತೊಬ್ಬ ಗೊಬ್ಬರ ಹೊತ್ತು ತರುವನು. ಎಲ್ಲಕ್ಕಿಂತ ತಮಾಷೆಯೆಂದರೆ ಅಪ್ಪಾಸಾಹೇಬ ಗೌಡರು. ಜನ್ಮದಲ್ಲಿ ಕಳೆ ತೆಗೆಯುವ ಕುರ್ಚಿಗಿ ಹಿಡಿಯದ ಮನುಷ್ಯ, ಧೋತರ ಮೇಲೆ ಕಟ್ಟಿಕೊಂಡು ಬೆಳಗಿನ ಜಾವ ಬಂದು ಕಳೆ ಕೀಳತೊಡಗಿದರು. ಮೊದಲ ದಿನ ಅರ್ಧ ಗಂಟೆಯಲ್ಲಿ ಕಳೆಗಿಂತ ನವಣೆಯನ್ನೇ ಹೆಚ್ಚು ಕಿತ್ತಿದ್ದರು.

"ಗೌಡ್ರ, ಇದು ಕಳೆ, ಇದು ಪೈರು," ಎಂದು ಬಾಳವ್ವ ಎರಡನ್ನೂ ಅಂಗೈಯಲ್ಲಿಟ್ಟು ತೋರಿಸಿದಳು.

"ಎರಡೂ ಒಂದ ಥರಾ ಅದಾವಲ್ಲಬೇ!"

"ಒಂದ ಥರಾ ಕಾಣ್ತಾವ್ರಿ. ದಿನಾ ಮುಟ್ಟಿದ್ರ ಬ್ಯಾರೆ ಬ್ಯಾರೆ ಆಗ್ತಾವ."

ಗೌಡರು ದಿನವೂ ಮುಟ್ಟಿದರು. ಒಂದು ತಿಂಗಳಲ್ಲಿ ಅವರ ಅಂಗೈಗೆ ಬೊಬ್ಬೆ ಬಂದು, ಒಡೆದು, ಗಟ್ಟಿಯಾಯಿತು. ಅದನ್ನು ಅವರು ಅಂಗಡಿಗೆ ಬಂದವರಿಗೆಲ್ಲ ತೋರಿಸುತ್ತಿದ್ದರು.

ಇವರೆಲ್ಲ ಹೆಸರಿನ ಆಸೆಗೆ ಬಂದವರೆಂದು ನಾನು ಬಾಳವ್ವನ ಎಡಗಿವಿಯಲ್ಲಿ ದೂರಿದೆ. ಅವಳು ನಕ್ಕುಬಿಟ್ಟಳು. "ಆಸೇಕ ಬಂದವ್ರು ಕಿತ್ರೂ ಕಳೆ ಬೇರ ಸಮೇತ ಬರ್ತೈತಿ, ಮುರಿಗೆಪ್ಪಾ," ಎಂದಳು. ಆಮೇಲೆ, "ನೀ ಯಾಕ ಬರವಲ್ಲಿ?" ಎಂದು ಕೇಳಿದಳು.

ನಾನು ಅಕ್ಕಿ ಮಾರುವವನು. ಆ ಹೊಲ ಗೆದ್ದರೆ ನನ್ನ ಮೂಟೆ ಯಾರಿಗೆ ಬೇಕು? ಅದನ್ನು ಬಿಟ್ಟು, ಅಂಗಡಿ ನೋಡುವವರು ಯಾರೂ ಇಲ್ಲ ಎಂದೆ. ತೆನೆ ಕಟ್ಟುವ ಹೊತ್ತಿಗೆ ಹಕ್ಕಿಗಳು ಮತ್ತೆ ಬಂದವು. ಹಿಂದಿನ ವರ್ಷ ಬದುವಿನ ಈಚೆ ನಿಂತು ಕೂಗಿದ್ದು, ಅವಳು ತಿರುಗದೆ ಇದ್ದದ್ದು ನೆನಪಾಗಿ, ಅಂಗಡಿಗೆ ಬೀಗ ಹಾಕಿ, ಖಾಲಿ ಎಣ್ಣೆ ಡಬ್ಬಿ ಮತ್ತೊಂದು ಕೋಲು ಹಿಡಿದು ಹೊರಟೆ. ಅವಳ ಬೆನ್ನ ಹಿಂದಿನ ಮೂಲೆಯಲ್ಲಿ ನಿಂತೆ. ಹದಿನೆಂಟು ದಿನ ಡಬ್ಬಿ ಬಾರಿಸಿದೆ. ಅಷ್ಟು ಸದ್ದಿಗೆ ನನ್ನ ಕಿವಿಯೂ ಅವಳದರಂತೆ ಆದೀತೆಂದು ಲಾಲಸಾಬ ಹೆದರಿಸಿದ. ನಾಲ್ಕು ಮೂಲೆಗೂ ಜನ ಇದ್ದುದರಿಂದ ಹಕ್ಕಿಗಳು ತಮ್ಮ ಪಾಲಿನಷ್ಟು ತಿಂದು, ಉಳಿದದ್ದನ್ನು ನಮಗೆ ಬಿಟ್ಟವು.

ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎನ್ನುವ ಗಾದೆಯನ್ನು ನಾನು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆ. ಕೊಯ್ಲಿನ ದಿನ ಅದನ್ನು ಕಣ್ಣಲ್ಲಿ ನೋಡಿದೆ. ಹೊಲಕ್ಕೆ ಕೈ ಹಚ್ಚಿದವರು ಒಟ್ಟು ಇಪ್ಪತ್ತೇಳು ಜನ. ತೆನೆಯ ಕಟ್ಟುಗಳಲ್ಲಿ ಕೊನೆಯ ಸಿವುಡನ್ನು ಯಾರು ಹೊರಬೇಕೆಂದು ಜಗಳವಾಗಿ, ಗೌಡರು ಅದನ್ನು ಚಂದ್ರವ್ವನ ಕೈಯಿಂದ ಕಸಿದುಕೊಂಡು ತಲೆಯ ಮೇಲಿಟ್ಟುಕೊಂಡು ಓಡಿದರು. ಹೆಂಗಸರು ಕಾಳನ್ನು ಒರಳಲ್ಲಿ ಕುಟ್ಟಿ, ಮೊರದಲ್ಲಿ ಕೇರಿ, ಹಳದಿ ನವಣಕ್ಕಿ ತೆಗೆದರು. ಹುಣ್ಣಿಮೆಯ ದಿನ ಮಧ್ಯಾಹ್ನ, ಅದೇ ಹೊಲದಲ್ಲಿ ಕೊಯ್ದು ಉಳಿದ ಕೂಳೆಯ ನಡುವೆ ಊರಿಗೆಲ್ಲ ಊಟ ಎಂದು ಡಂಗುರ ಸಾರಲಾಯಿತು.

ಇನ್ನೂರು ಜನ ಸಾಲಾಗಿ ಕೂತರು. ಶಾಲೆಯ ಮಕ್ಕಳು ಮುಂದಿನ ಸಾಲಿನಲ್ಲಿ. ಗೌಡರು ಹುಟ್ಟಿದ ಮೇಲೆ ಮೊದಲ ಸಲ ಪಂಕ್ತಿಯಲ್ಲಿ ಕೂತಿದ್ದರು, ನನ್ನ ಪಕ್ಕದಲ್ಲೇ. ಚಂದ್ರವ್ವ ದೊಡ್ಡ ಪಾತ್ರೆಯಲ್ಲಿ ಅನ್ನ ಮಾಡಿದ್ದಳು. ಪಲ್ಯ, ಸಾರು, ಗುರೆಳ್ಳು ಚಟ್ನಿ ಎಲ್ಲ ಇದ್ದರೂ ಮೊದಲ ತುತ್ತು ಬರೀ ಅನ್ನದ್ದೇ ಎಂದು ಮೊದಲೇ ಮಾತಾಗಿತ್ತು. ಬಡಿಸಿದವಳು ಬಾಳವ್ವ. ಒಬ್ಬೊಬ್ಬರ ಎಲೆಗೂ ಒಂದೊಂದು ಸೌಟು. ಬಡಿಸಿ ಮುಗಿಸಿ, ಸೌಟು ಹಿಡಿದುಕೊಂಡೇ ನಡುವೆ ನಿಂತಳು. ಎಡಗಿವಿಯ ಮೇಲಿನ ಸೆರಗು ಸರಿಸಿದಳು. ಅವಳು ಬೇಡವೆಂದು ಬಿಟ್ಟುಕೊಟ್ಟದ್ದು ಬರೀ ಬಾಯಿಮಾತು ಎಂದು ಆಗ ನನಗೆ ಗೊತ್ತಾಯಿತು.

ಎಲ್ಲರೂ ತುತ್ತೆತ್ತಿದೆವು. ನುಂಗಿದೆವು. ಇನ್ನೂರು ಬಾಯಿ ಒಟ್ಟಿಗೆ ತೆರೆದವು.

"ಅಪ್ಪಾಸಾಹೇಬ!"

ಗೌಡರು ಎದ್ದು ನಿಂತರು. ನಿಂತಲ್ಲೇ ಅಳತೊಡಗಿದರು. ಸುತ್ತಲೂ ಗುಜುಗುಜು ಎದ್ದಿತು. ಯಾರೋ "ಮೋಸ!" ಎಂದರು. ಯಾರೋ ಎಲೆಯನ್ನು ದೂಡಿ ಎದ್ದರು. ಲಾಲಸಾಬ ಕೂಡ, ನನಗೆ ಗಿಳಿ ಸಾಕು ಎನ್ನುತ್ತಿದ್ದವನು, ಮುಖ ಕೆಂಪಾಗಿಸಿಕೊಂಡು ಎದ್ದು, ಎಲೆ ಒದೆಯಲು ಕಾಲೆತ್ತಿದ. ನಿಂಗಪ್ಪನ ಕಾಲದ ಜಗಳ ಇನ್ನೇನು ಮತ್ತೆ ಶುರುವಾಗಬೇಕು, ಅಷ್ಟರಲ್ಲಿ ಬಾಳವ್ವ ಸೌಟಿನಿಂದ ಪಾತ್ರೆಗೆ ಬಡಿದಳು.

"ಕೂಡ್ರಿ! ಅನ್ನಾ ಚೆಲ್ಲೀರಿ, ನೋಡ್ರಿ ಮತ್ತ! ಗೌಡ್ರ ಹೆಸರ ಬಂತು, ಬರ್ಲಿ. ಮನಶಾ ದುಡದಾನ. ಯಾರೂ ಏಳಬ್ಯಾಡ್ರಿ. ಉಣ್ರಿ!"

ಅವಳ ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಅನ್ನ ನೆಲಕ್ಕೆ ಬೀಳುವುದನ್ನು ಅವಳು ನೋಡಲಾರಳು. ಆ ದನಿಗೆ ಎದ್ದವರೆಲ್ಲ ಕೂತರು. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಎಲ್ಲರೂ ಸುಮ್ಮನಾದೆವು. ಆಗ, ಯಾರೂ ಹೊಸ ತುತ್ತು ಎತ್ತದೆ ಇದ್ದರೂ, ನಮ್ಮ ಬಾಯಿ ತಾನಾಗಿ ಮತ್ತೆ ತೆರೆಯಿತು.

"ಚಂದ್ರವ್ವ!"

ಒಬ್ಬರ ಮುಖ ಒಬ್ಬರು ನೋಡಿದೆವು. ಇನ್ನೊಂದು ಉಸಿರು. ಇನ್ನೊಂದು ಹೆಸರು. ಮತ್ತೊಂದು ಉಸಿರು, ಮತ್ತೊಂದು. ಅಯ್ಯೋ ನಮ್ಮ ದಡ್ಡತನವೇ! ಅವತ್ತು ನಿಂಗಪ್ಪ ಗಂಗಾಳ ಒದೆಯದೆ ಒಂದು ಉಸಿರಿನಷ್ಟು ಹೊತ್ತು ಕೂತಿದ್ದರೆ ಅವನ ಹೆಸರೂ ಬರುತ್ತಿತ್ತು. ಎರಡನೆಯ ಹೆಸರಿಗೆ ಕಾಯದ ಒಂದು ಊರು, ಮೂರು ತಲೆಮಾರು ಒಬ್ಬೊಬ್ಬರೇ ಸೊಂಟ ಮುರಿದುಕೊಂಡಿತು.

ಹೆಸರುಗಳು ಬರುತ್ತಲೇ ಇದ್ದವು. ಕಡೆಗೆ ಕೈ ಹಚ್ಚಿದವರದು ಮೊದಲು, ಕೊನೆಯ ಸಿವುಡು ಹೊತ್ತ ಗೌಡರಿಂದ ಶುರುವಾಗಿ ಕೊಯ್ದವರದೆಲ್ಲ ಮುಗಿಯಿತು. ಒಂಬತ್ತನೆಯದಕ್ಕೆ ನನ್ನ ನಾಲಿಗೆ ವಿಚಿತ್ರವಾಗಿ ಹೊರಳಿತು. "ಮುರಿಗೆಪ್ಪ!" ಎಂದಿತು ನನ್ನ ಬಾಯಿ. ಇನ್ನೂರು ಬಾಯಿಗಳೂ ಅದನ್ನೇ ಅಂದಿದ್ದವು. ಎದುರಿನ ಸಾಲಿನ ಪುಟ್ಟ ಹುಡುಗಿಯೊಬ್ಬಳು, ದಿನಾ ನನ್ನ ಹತ್ತಿರ ಪೆಪ್ಪರಮಿಂಟು ಒಯ್ಯುವವಳು, ಹೆಸರು ಹೇಳಿ ಬಾಯಿ ಮುಚ್ಚಿಕೊಂಡು ನಕ್ಕಳು. ಐವತ್ತೆರಡು ವರ್ಷಕ್ಕೆ ಬಂದ ಹೆಸರು. ನನ್ನ ಎಡಗೈ ತಾನಾಗಿ ಮೀಸೆಯ ಮೇಲೆ ಹೋಯಿತು.

ಆದರೆ ಬಾಳವ್ವನದು ಬಂದಿರಲಿಲ್ಲ. ಹಕ್ಕಿ ಕಾದವರದು ಮುಗಿಯಿತು, ಕಳೆ ಕಿತ್ತವರದು ಬಂತು. ನಾನು ಬೆರಳು ಮಡಚಿ ಎಣಿಸತೊಡಗಿದೆ. ಹದಿನೆಂಟು. ಇಪ್ಪತ್ತು. ಅವಳು ಎಡಗಿವಿಯ ಹಿಂದೆ ಅಂಗೈ ಹಿಡಿದುಕೊಂಡು, ಪ್ರತಿ ಹೆಸರಿಗೂ ತಲೆಯಾಡಿಸುತ್ತಿದ್ದಳು. ಇಪ್ಪತ್ನಾಲ್ಕು. ಗೊಬ್ಬರ ಹೊತ್ತವರದೂ ಆಯಿತು. ಅವಳ ಅಂಗೈ ಮೆಲ್ಲಗೆ ಕೆಳಗಿಳಿಯಿತು. ಇಪ್ಪತ್ತಾರನೆಯದು "ಲಾಲಸಾಬ!" ಎಂದು ಬಂತು. ಮುದುಕ ಟೋಪಿ ತೆಗೆದು ಎದೆಗೊತ್ತಿಕೊಂಡ. ಆಮೇಲೆ ಒಂದು ಉಸಿರು. ಅದು ಎಲ್ಲಕ್ಕಿಂತ ಉದ್ದದ ಉಸಿರು ಎಂದು ನನಗನಿಸಿತು. ಗಾಳಿಗೆ ಕೂಳೆ ಅಲುಗುವ ಸದ್ದು ಕೇಳುತ್ತಿತ್ತು. ಬಾಳವ್ವ ಸೌಟನ್ನು ಪಾತ್ರೆಯಲ್ಲಿಟ್ಟು, ಸೆರಗಿನಿಂದ ಮುಖ ಒರೆಸಿಕೊಳ್ಳಲು ತಿರುಗಿದಳು.

"ಬಾಳವ್ವ!"

ಆಮೇಲೆ ಏನೆಲ್ಲ ದುಡಿದಿದ್ದರೂ, ಮೊದಲ ಬೀಜ ಹಾಕಿದವಳ ಹೆಸರು ಎಲ್ಲರ ಹೆಸರಿನ ಬುಡದಲ್ಲಿ ಕಾದು ಕೂತಿತ್ತು. ಇನ್ನೂರು ಗಂಟಲುಗಳಿಂದ ಅದು ಒಂದೇ ಸಲಕ್ಕೆ ಹೊರಬಿದ್ದಾಗ ಕೆರೆಯ ಏರಿಯ ಮೇಲಿನ ಹಕ್ಕಿಗಳೆಲ್ಲ ಹಾರಿ ಎದ್ದವು. ಬಾಳವ್ವ ಬೆನ್ನು ತಿರುಗಿಸಿಕೊಂಡೇ ನಿಂತುಬಿಟ್ಟಳು. ಅವಳ ಬೆನ್ನು ಕುಲುಕುತ್ತಿತ್ತು. ಚಂದ್ರವ್ವ ಓಡಿಹೋಗಿ ಅವಳ ಭುಜ ಹಿಡಿದಳು. ಅವಳಿಗೆ ಕೇಳಿಸಿತೋ ಇಲ್ಲವೋ ಎಂದು ನಾವೆಲ್ಲ ಉಸಿರು ಬಿಗಿಹಿಡಿದು ನೋಡಿದೆವು. ಸ್ವಲ್ಪ ಹೊತ್ತಿಗೆ ಅವಳು ನಮ್ಮ ಕಡೆ ತಿರುಗಿದಳು. ಮುಖವೆಲ್ಲ ಒದ್ದೆ, ತುಟಿಯ ತುದಿಯಲ್ಲಿ ಮಾತ್ರ ತುಂಟ ಹುಡುಗಿಯ ನಗು.

"ಸರಿಯಾಗಿ ಕೇಳ್ಲಿಲ್ಲರೆಪಾ. ಇನ್ನೊಮ್ಮಿ ಅನ್ರಿ."

ಬಾಯಿ ತಾನಾಗಿ ಹೇಳುವುದು ಒಂದೇ ಸಲ. ಅದು ಹೇಳಿ ಮುಗಿಸಿತ್ತು. ಗೌಡರು ಅನ್ನದ ಕೈಯಲ್ಲೇ ಎದ್ದು ನಿಂತರು. ಅವರನ್ನು ನೋಡಿ ಲಾಲಸಾಬ ಎದ್ದ, ನಾನೆದ್ದೆ, ಮಕ್ಕಳು ಎದ್ದವು, ಇಡೀ ಪಂಕ್ತಿ ಎದ್ದಿತು. ಈ ಸಲ ನಾವೇ, ನಮ್ಮ ಮನಸ್ಸಿನಿಂದ, ಗಂಟಲು ಹರಿಯುವ ಹಾಗೆ ಕೂಗಿದೆವು: "ಬಾಳವ್ವಾ!"

"ಹಾಂ," ಎಂದಳು ಅವಳು, ಸೌಟು ಎತ್ತಿಕೊಳ್ಳುತ್ತ. "ಈಗ ಕೇಳಸ್ತು. ಕೂಡ್ರಿ ಇನ್ನ, ಉಣ್ರಿ. ಅನ್ನಾ ಆರಾಕತ್ತೈತಿ."